ಮನಸ್ಸೆಂಬ ಎರೆಹೊಲ

ಬಳ್ಳಾರಿ ನಗರದ ಕಂಟೋನ್ಮೆಂಟ್ ಪ್ರದೇಶವನ್ನು ದಾಟಿ ಊರಿನ ಹೊರವಲಯಕ್ಕೆ ಬಂದರೆ, ಕಾಲುವೆಯ ನೀರು ತಲುಪದ ಕಡೆಗಳಲ್ಲಿ ಕಣ್ಣು ಹಾಯುವಷ್ಟು ದೂರ ಕಪ್ಪನೆಯ ಎರೆಯ ಹೊಲಗಳು ಹಬ್ಬಿರುವುದನ್ನು ಕಾಣಬಹುದು. ಏಪ್ರಿಲ್, ಮೇ ತಿಂಗಳುಗಳ ಉರಿಬಿಸಿಲಿನಲ್ಲಿ ಈ ಹೊಲಗಳನ್ನು ನೋಡಿದವರಿಗೆ, ಇಲ್ಲಿ ಬೆಳೆ ಬಂದೀತೇ ಎಂಬ ಸಂದೇಹ ಹುಟ್ಟದೆ ಇರದು. ಎಲ್ಲಿಯೂ ಹಸುರಿನ ಸುಳಿವಿಲ್ಲ. ನೆಲವು ಬಾಯಾರಿ ಬಿರಿದು, ಕೈ ತೂರುವಷ್ಟು ಅಗಲವಾದ ಬಿರುಕುಗಳು ಅಡ್ಡಾದಿಡ್ಡಿಯಾಗಿ ಹರಿದಿರುತ್ತವೆ. ಇನ್ನೂ ಸೋಜಿಗದ ಸಂಗತಿಯೆಂದರೆ, ಮುಂಗಾರು ಮಳೆ ಬಂದ ಮೇಲೂ ಆಳವಾದ ಎರೆಯುಳ್ಳ ಅನೇಕ ಹೊಲಗಳಲ್ಲಿ ರೈತರು ಬೀಜ ಬಿತ್ತುವುದಿಲ್ಲ. ಮಳೆ ಬಿದ್ದು ನೆಲ ಹದಕ್ಕೆ ಬಂದಾಗಲೆಲ್ಲ ಕುಂಟೆ ಹೊಡೆದು, ಕಳೆ ಕಿತ್ತು, ಬದುಗಳನ್ನು ಸರಿಪಡಿಸಿ, ಹೊಲವನ್ನು ಹಾಗೆಯೇ ಬಿಡುತ್ತಾರೆ.

ಹೊರಗಿನವರ ಕಣ್ಣಿಗೆ ಇದು ಸೋಮಾರಿತನವಾಗಿ ತೋರಬಹುದು. ಆದರೆ ಬರಿದಾಗಿ ಕಾಣುವ ಆ ತಿಂಗಳುಗಳಲ್ಲಿಯೇ ಹೊಲದ ಒಳಗೆ ದೊಡ್ಡ ಕೆಲಸವೊಂದು ನಡೆದಿರುತ್ತದೆ. ಬೇಸಗೆಯಲ್ಲಿ ಬಿಟ್ಟ ಬಿರುಕುಗಳಿಗೆ ಮೇಲಿನ ಪುಡಿಮಣ್ಣು ಉದುರಿ, ಮೇಲಿನದು ಕೆಳಕ್ಕೆ ಹೋಗುತ್ತದೆ. ನೇಗಿಲಿಲ್ಲದೆಯೇ ಭೂಮಿ ತನ್ನನ್ನು ತಾನು ಉತ್ತುಕೊಳ್ಳುತ್ತದೆ. ಮೊದಲ ಮಳೆಯ ನೀರು ಅದೇ ಬಿರುಕುಗಳಿಂದ ಆಳಕ್ಕೆ ಇಳಿಯುತ್ತದೆ. ಆಮೇಲೆ ಎರೆಮಣ್ಣು ಉಬ್ಬಿ ಬಿರುಕುಗಳು ಮುಚ್ಚಿಕೊಳ್ಳುತ್ತವೆ. ಹೀಗೆ ಕುಡಿದ ನೀರನ್ನು ಹೊಲವು ತಿಂಗಳುಗಟ್ಟಲೆ ತನ್ನೊಡಲಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಕೂರಿಗೆಯಿಂದ ಬಿತ್ತಿದ ಹಿಂಗಾರಿ ಜೋಳ ಮತ್ತು ಕಡಲೆ, ಆ ಬಳಿಕ ಹೆಚ್ಚು ಮಳೆ ಬಾರದಿದ್ದರೂ, ಈ ಒಳಗಿನ ಹಸಿಯನ್ನೇ ನಂಬಿ ಬೆಳೆದು ತೆನೆಯೊಡೆಯುತ್ತವೆ. ಇಲ್ಲಿನ ರೈತರು ತಲೆಮಾರುಗಳಿಂದ ಅರಿತಿದ್ದ ಈ ಒಣಬೇಸಾಯವನ್ನು ಕುರಿತು 1930ರ ದಶಕದಲ್ಲಿ ಬಳ್ಳಾರಿಯ ಸಮೀಪದ ಹಗರಿಯಲ್ಲಿ ಸಂಶೋಧನೆಗಳು ನಡೆದವು. 1954ರಲ್ಲಿ ಬಳ್ಳಾರಿಯಲ್ಲಿಯೇ ಮಣ್ಣು ಮತ್ತು ನೀರಿನ ಸಂರಕ್ಷಣೆಯ ಸಂಶೋಧನಾ ಕೇಂದ್ರವೂ ಆರಂಭವಾಯಿತು.

ಮನುಷ್ಯನ ಮನಸ್ಸೂ ಇಂತಹ ಒಂದು ಎರೆಯ ಹೊಲ. ಹೊಸದನ್ನು ಕಲ್ಪಿಸುವ, ಕಟ್ಟುವ, ರಚಿಸುವ ಶಕ್ತಿಗೆ ಸೃಜನಶಕ್ತಿ ಎಂದು ಹೆಸರು. ಇದು ಕವಿಗಳಿಗೂ ಕಲಾವಿದರಿಗೂ ಮಾತ್ರ ಮೀಸಲಾದ ವರವಲ್ಲ. ಅಂಗಳದಲ್ಲಿ ದಿನಕ್ಕೊಂದು ಹೊಸ ರಂಗೋಲಿಯನ್ನು ಬಿಡಿಸುವ ಗೃಹಿಣಿಯಲ್ಲಿ, ಮುರಿದ ಯಂತ್ರಕ್ಕೆ ಸಿಕ್ಕ ಸಾಮಾನಿನಿಂದಲೇ ಉಪಾಯ ಹೂಡುವ ಕಮ್ಮಾರನಲ್ಲಿ, ಲೆಕ್ಕವೊಂದನ್ನು ಪುಸ್ತಕದಲ್ಲಿಲ್ಲದ ದಾರಿಯಿಂದ ಬಿಡಿಸುವ ವಿದ್ಯಾರ್ಥಿಯಲ್ಲಿ ಇರುವುದೂ ಇದೇ ಶಕ್ತಿ. ಆದರೆ ಈ ಶಕ್ತಿ ಎಲ್ಲ ದಿನಗಳಲ್ಲಿಯೂ ಒಂದೇ ಸಮನಾಗಿ ಹರಿಯುವುದಿಲ್ಲ. ನಿನ್ನೆ ಸರಾಗವಾಗಿ ಬಂದ ಮಾತು ಇಂದು ಬಾರದು. ಮೊನ್ನೆ ಕುಣಿದಾಡಿದ ಕುಂಚ ಇಂದು ಕೈಯಲ್ಲಿ ಭಾರವಾಗುವುದು. ಅಂತಹ ಹೊತ್ತಿನಲ್ಲಿ ಅನೇಕರು, “ನನ್ನಲ್ಲಿದ್ದುದು ಇಷ್ಟೇ, ಅದು ಮುಗಿದುಹೋಯಿತು” ಎಂದು ಕುಂಚವನ್ನೂ ಲೇಖನಿಯನ್ನೂ ಕೆಳಗಿಡುತ್ತಾರೆ. ಎಳೆಯ ವಯಸ್ಸಿನಲ್ಲಿ ಚಿತ್ರ ಬರೆಯುತ್ತಿದ್ದವರು, ಪದ ಕಟ್ಟುತ್ತಿದ್ದವರು, ಹಾಡುತ್ತಿದ್ದವರು ಬೆಳೆದಂತೆ ಅದನ್ನು ಬಿಟ್ಟುಬಿಡುವುದಕ್ಕೆ ಈ ತಪ್ಪು ತಿಳಿವಳಿಕೆಯೂ ಒಂದು ಕಾರಣ. ಬೇಸಗೆಯ ಹೊಲವನ್ನು ಕಂಡು ಅದನ್ನು ಬಂಜರೆಂದು ಮಾರಿದ ರೈತನಿಗೂ ಇಂಥವರಿಗೂ ಭೇದವಿಲ್ಲ. ಸೃಜನಶಕ್ತಿ ಬಳಸಿದ್ದರಿಂದ ಬತ್ತುವುದಿಲ್ಲ. ಮತ್ತೆ ತುಂಬಿಕೊಳ್ಳಲು ಅವಕಾಶವಿಲ್ಲದಿದ್ದರೆ ಬತ್ತುತ್ತದೆ. ಹಾಗಾದರೆ ಅದು ತುಂಬಿಕೊಳ್ಳುವ ಬಗೆ ಯಾವುದು?

ಮೊದಲು ತಿಳಿಯಬೇಕಾದುದು, ಬಿಡುವಿಗೂ ಆಲಸ್ಯಕ್ಕೂ ಇರುವ ಅಂತರ. ಇಂಗ್ಲೆಂಡಿನ ಚಿಂತಕ ಗ್ರಹಾಂ ವಾಲಸ್ 1926ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ, ಹೊಸ ವಿಚಾರವೊಂದು ಹುಟ್ಟುವ ಕ್ರಮದಲ್ಲಿ ನಾಲ್ಕು ಹಂತಗಳನ್ನು ಗುರುತಿಸಿದನು. ಮೊದಲನೆಯದು ಸಿದ್ಧತೆ, ಎರಡನೆಯದು ವಿಚಾರವು ಮನಸ್ಸಿನ ಆಳದಲ್ಲಿ ಸದ್ದಿಲ್ಲದೆ ಮಾಗುವ ಕಾಲ, ಮೂರನೆಯದು ಹೊಳಹು, ನಾಲ್ಕನೆಯದು ಆ ಹೊಳಹನ್ನು ಪರೀಕ್ಷಿಸಿ ಸರಿಪಡಿಸುವ ಶ್ರಮ. ಇದಕ್ಕೆ ಫ್ರಾನ್ಸಿನ ಗಣಿತಜ್ಞ ಆನ್ರಿ ಪ್ವಾಂಕಾರೆಯ ಅನುಭವ ಒಳ್ಳೆಯ ನಿದರ್ಶನ. ಕಠಿಣವಾದ ಗಣಿತ ಸಮಸ್ಯೆಯೊಂದರಲ್ಲಿ ಆತ ಬಹಳ ದಿನ ಮುಳುಗಿದ್ದನು. ಬಳಿಕ ಭೂವಿಜ್ಞಾನದ ಪ್ರವಾಸವೊಂದಕ್ಕೆ ಹೊರಟು, ದಾರಿಯ ಗಡಿಬಿಡಿಯಲ್ಲಿ ಗಣಿತವನ್ನು ಮರೆತೇಬಿಟ್ಟಿದ್ದನು. ಕೂತಾನ್ಸ್ ಎಂಬ ಊರಿನಲ್ಲಿ ಬಂಡಿಯ ಮೆಟ್ಟಿಲ ಮೇಲೆ ಕಾಲಿಟ್ಟ ಆ ಕ್ಷಣದಲ್ಲಿ, ತಾನು ಅರಸುತ್ತಿದ್ದ ಉತ್ತರ ಇದ್ದಕ್ಕಿದ್ದಂತೆ ಹೊಳೆಯಿತು. ಮನೆಗೆ ಮರಳಿದ ಮೇಲೆ ನಿಧಾನವಾಗಿ ಕುಳಿತು ಅದನ್ನು ಪರಿಶೀಲಿಸಿ, ಸರಿಯೆಂದು ಖಚಿತಪಡಿಸಿಕೊಂಡನು.

ಈ ಪ್ರಸಂಗವನ್ನು ಕೇಳಿ, ಸುಮ್ಮನೆ ತಿರುಗಾಡಿದರೆ ಉತ್ತರ ತಾನಾಗಿ ಬರುತ್ತದೆ ಎಂದು ಯಾರೂ ತಿಳಿಯಬಾರದು. ಆ ದಿನ ಅದೇ ಬಂಡಿಯನ್ನು ಏರಿದ ಉಳಿದವರಿಗೆ ಗಣಿತದ ಸತ್ಯ ಹೊಳೆಯಲಿಲ್ಲ. ಮೊದಲು ದುಡಿದವನಿಗೆ ಮಾತ್ರ ಬಿಡುವು ಫಲಿಸಿತು. ಕುಂಟೆ ಹೊಡೆಯದೆ ಬಿಟ್ಟ ಹೊಲದಲ್ಲಿ ಮಳೆಯ ನೀರು ಮೇಲೆಯೇ ಹರಿದುಹೋಗುತ್ತದೆ; ಹದಮಾಡಿ ಬಿಟ್ಟ ಹೊಲ ಮಾತ್ರ ಅದನ್ನು ಕುಡಿಯುತ್ತದೆ.

ಬಿಡುವೆಂದರೆ ಕೈಕಟ್ಟಿ ಕುಳಿತುಕೊಳ್ಳುವುದೆಂದೂ ಅರ್ಥವಲ್ಲ. ಅನೇಕ ವೇಳೆ ಒಂದು ಬಗೆಯ ಕೆಲಸದಿಂದ ಮತ್ತೊಂದು ಬಗೆಯ ಕೆಲಸಕ್ಕೆ ತಿರುಗುವುದೇ ಮನಸ್ಸಿಗೆ ದೊಡ್ಡ ವಿಶ್ರಾಂತಿ. ಇದನ್ನು ಮನಗಾಣಲು ಬಳ್ಳಾರಿಯವರು ದೂರ ಹೋಗಬೇಕಾಗಿಲ್ಲ. 1800ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವಶಕ್ಕೆ ಬಂದ ಈ ಊರಿನಲ್ಲಿ ಬ್ರಿಟಿಷರ ಸೈನ್ಯ ಬೀಡುಬಿಟ್ಟಿತು. ಕಂಟೋನ್ಮೆಂಟ್ ಎಂಬ ಹೆಸರು ಆ ಬೀಡಿನ ನೆನಪು. ಸೈನ್ಯದ ಜೊತೆಗೆ ವ್ಯಾಪಾರ ಬೆಳೆಯಿತು, ಕಚೇರಿಗಳು ಬೆಳೆದವು, ನ್ಯಾಯಾಲಯಗಳು ಬೆಳೆದವು. ಕನ್ನಡ, ತೆಲುಗು, ಉರ್ದು, ತಮಿಳು ಭಾಷೆಗಳು ಒಂದೇ ಬೀದಿಯಲ್ಲಿ ಕೇಳಿಬಂದವು. ಇಂತಹ ಊರಿನಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ನಾಟಕಕಲೆ ಹುಲುಸಾಗಿ ಬೆಳೆಯಿತು. ಧರ್ಮಾವರಂ ಕೃಷ್ಣಮಾಚಾರ್ಯರು ಸರಸ ವಿನೋದಿನಿ ಸಭೆಯನ್ನೂ, ಕೋಲಾಚಲಂ ಶ್ರೀನಿವಾಸರಾಯರು ಸುಮನೋರಮಾ ಸಭೆಯನ್ನೂ ಸ್ಥಾಪಿಸಿ ನಾಟಕಗಳನ್ನು ರಚಿಸಿದರು, ಆಡಿಸಿದರು. ಗಮನಿಸಬೇಕಾದ ಸಂಗತಿಯೆಂದರೆ, ಇವರಿಬ್ಬರೂ ವೃತ್ತಿಯಿಂದ ವಕೀಲರು.

ಕೃಷ್ಣಮಾಚಾರ್ಯರ ಸೋದರಳಿಯನೇ ಮುಂದೆ ಬಳ್ಳಾರಿ ರಾಘವ ಎಂದು ನಾಡಿಗೆ ನಾಡೇ ಕೊಂಡಾಡಿದ ಮಹಾನಟ. 1880ರಲ್ಲಿ ತಾಡಪತ್ರಿಯಲ್ಲಿ ಜನಿಸಿದ ರಾಘವಾಚಾರ್ಯರು ಮದರಾಸಿನಲ್ಲಿ ಕಾನೂನು ಓದಿ ಬಳ್ಳಾರಿಯಲ್ಲಿ ವಕೀಲರಾದರು. ಹಗಲು ನ್ಯಾಯಾಲಯದಲ್ಲಿ ವಾದ, ರಾತ್ರಿ ರಂಗಭೂಮಿಯಲ್ಲಿ ಅಭಿನಯ. ಹೀಗೆ ಎರಡು ದೋಣಿಗಳಲ್ಲಿ ಕಾಲಿಟ್ಟವರು ಎರಡರಲ್ಲಿಯೂ ಮುಳುಗುವರೆಂಬುದು ಲೋಕದ ಮಾತು. ರಾಘವರ ಬಾಳಿನಲ್ಲಿ ಆದದ್ದು ಇದಕ್ಕೆ ವಿರುದ್ಧವಾದುದು. ನ್ಯಾಯಾಲಯವೆಂದರೆ ಮನುಷ್ಯಸ್ವಭಾವದ ಸಂತೆ. ಆಸೆ, ಭಯ, ಕಪಟ, ಪಶ್ಚಾತ್ತಾಪಗಳೆಲ್ಲ ಅಲ್ಲಿ ವೇಷವಿಲ್ಲದೆ ಎದುರು ನಿಲ್ಲುತ್ತವೆ. ದಿನವೂ ಅದನ್ನು ಕಂಡ ಕಣ್ಣಿಗೆ ಪಾತ್ರಗಳ ಅಂತರಂಗವನ್ನು ಹೊಗುವ ದಾರಿ ತೆರೆದಿರುವುದು ಸಹಜ. ರಾಗವೆಳೆದು ಪದ್ಯ ಹಾಡುವುದೇ ನಟನೆಯೆಂದು ಎಣಿಸುತ್ತಿದ್ದ ಕಾಲದಲ್ಲಿ ರಾಘವರು ಹಾಡನ್ನು ತಗ್ಗಿಸಿ, ಭಾವಕ್ಕೆ ತಕ್ಕ ಸಹಜವಾದ ಮಾತಿಗೂ ಚಲನೆಗೂ ಪ್ರಾಧಾನ್ಯ ಕೊಟ್ಟರು. ಸ್ತ್ರೀಪಾತ್ರಗಳನ್ನು ಸ್ತ್ರೀಯರೇ ವಹಿಸಬೇಕೆಂದು ಪ್ರೋತ್ಸಾಹಿಸಿದರು. ಕೋಲಾಚಲಂ ಅವರ ನಾಟಕದಲ್ಲಿ ಅವರು ವಹಿಸುತ್ತಿದ್ದ ಪಠಾಣನ ಪಾತ್ರ ಜನಮನದಲ್ಲಿ ಅಚ್ಚೊತ್ತಿ ನಿಂತಿತು.

ರಾಘವರು ಒಂದೇ ಭಾಷೆಯಲ್ಲಿಯೂ ನಿಲ್ಲಲಿಲ್ಲ. ತೆಲುಗು, ಕನ್ನಡ, ಹಿಂದಿ, ಇಂಗ್ಲಿಷ್ ನಾಟಕಗಳಲ್ಲಿ ಅಭಿನಯಿಸಿದರು. ಒಂದೇ ಊರಿನಲ್ಲಿ ಕುಳಿತೂ ಉಳಿಯಲಿಲ್ಲ. 1928ರಲ್ಲಿ ಇಂಗ್ಲೆಂಡಿಗೆ ಪ್ರಯಾಣ ಮಾಡಿ, ಯೂರೋಪಿನ ರಂಗಭೂಮಿಯನ್ನು ಕಣ್ಣಾರೆ ಕಂಡು ಬಂದರು. ಆಗ ಅವರಿಗೆ ಐವತ್ತು ಸಮೀಪಿಸಿತ್ತು. ಕೀರ್ತಿ ಅದಾಗಲೇ ಕೈಸೇರಿತ್ತು. ಕಲಿಯುವುದು ಮುಗಿಯಿತೆಂದು ಅವರು ತಿಳಿದಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಆದರೆ ಅವರು ತಿಳಿಯಲಿಲ್ಲ. ‘ದೇಶ ಸುತ್ತಬೇಕು, ಕೋಶ ಓದಬೇಕು’ ಎಂಬ ನಮ್ಮ ಗಾದೆಯ ಮರ್ಮ ಇದೇ ಅಲ್ಲವೇ? 1946ರಲ್ಲಿ ಅವರು ತೀರಿಕೊಂಡರು. ಅವರ ಹೆಸರನ್ನು ಹೊತ್ತ ರಾಘವ ಕಲಾಮಂದಿರ ಬಳ್ಳಾರಿಯಲ್ಲಿ ಇಂದಿಗೂ ನಿಂತಿದೆ.

ಗಾದೆಯ ಇನ್ನೊಂದು ಪಾದಕ್ಕೂ ಈ ಸೀಮೆಯಲ್ಲಿಯೇ ಸಾಕ್ಷಿಯಿದೆ. ನಾಡನ್ನೆಲ್ಲ ನಗಿಸಿದ ಬೀಚಿಯವರ ನಿಜನಾಮ ರಾಯಸಂ ಭೀಮಸೇನರಾಯರು. 1913ರಲ್ಲಿ ಹರಪನಹಳ್ಳಿಯಲ್ಲಿ ಹುಟ್ಟಿದ ಇವರು ಪೊಲೀಸ್ ಇಲಾಖೆಯಲ್ಲಿ ನೌಕರರಾಗಿದ್ದರು. ಇಂಗ್ಲಿಷ್ ಪುಸ್ತಕಗಳನ್ನು ಓದುತ್ತ, ಕನ್ನಡದಲ್ಲಿ ಓದತಕ್ಕದ್ದು ಹೆಚ್ಚೇನೂ ಇಲ್ಲವೆಂದು ಭಾವಿಸಿದ್ದ ಅವರ ಕೈಗೆ ಅ. ನ. ಕೃಷ್ಣರಾಯರ ‘ಸಂಧ್ಯಾರಾಗ’ ಕಾದಂಬರಿ ಬಂದಿತು. ಆ ಒಂದು ಓದು ಅವರನ್ನು ಕನ್ನಡದ ಕಡೆಗೆ ತಿರುಗಿಸಿತು. 1980ರಲ್ಲಿ ನಿಧನರಾಗುವ ಹೊತ್ತಿಗೆ ಅವರು ಕನ್ನಡದಲ್ಲಿ ಹತ್ತಾರು ಪುಸ್ತಕಗಳನ್ನು ರಚಿಸಿ, ‘ತಿಂಮ’ನನ್ನು ಮನೆಮಾತಾಗಿಸಿದ್ದರು. ಒಬ್ಬರ ಬರಹ ಇನ್ನೊಬ್ಬರೊಳಗೆ ಮಲಗಿದ್ದ ಸೆಲೆಯನ್ನು ಎಬ್ಬಿಸಿತು. ಬಳ್ಳಾರಿಯ ಸಮೀಪದ ಜೋಳದರಾಶಿಯ ದೊಡ್ಡನಗೌಡರು ಪಡೆದುದು ಇನ್ನೊಂದು ಬಗೆಯ ಸತ್ಸಂಗ. 1910ರಲ್ಲಿ ಜನಿಸಿದ ಅವರು ಗಮಕಿಗಳಾಗಿ, ಕವಿಗಳಾಗಿ, ರಾಘವರೊಡನೆ ಬಣ್ಣ ಹಚ್ಚಿದ ನಟರಾಗಿ ಬೆಳೆದರು. ಕಾವ್ಯವನ್ನು ವಾಚಿಸುವ ಕಂಠಕ್ಕೆ ರಂಗಭೂಮಿಯ ಭಾವ, ರಂಗದ ಮಾತಿಗೆ ಕಾವ್ಯದ ಸೊಗಸು, ಹೀಗೆ ಒಂದು ಕಲೆ ಮತ್ತೊಂದಕ್ಕೆ ಒತ್ತಾಸೆಯಾಯಿತು.

ಕಲೆಗೆ ಸಲ್ಲುವ ಈ ಮಾತು ವಿಜ್ಞಾನಕ್ಕೂ ಸಲ್ಲುತ್ತದೆ. ಸರ್ ಸಿ. ವಿ. ರಾಮನ್ 1907ರಿಂದ ಹತ್ತು ವರ್ಷಗಳ ಕಾಲ ಸರ್ಕಾರದ ಹಣಕಾಸು ಇಲಾಖೆಯಲ್ಲಿ ಅಧಿಕಾರಿಯಾಗಿದ್ದು, ಕಚೇರಿಯ ವೇಳೆಯ ಹಿಂದುಮುಂದಿನ ಹೊತ್ತನ್ನು ಕಲ್ಕತ್ತೆಯ ಪ್ರಯೋಗಶಾಲೆಯಲ್ಲಿ ಕಳೆಯುತ್ತಿದ್ದರು. 1921ರಲ್ಲಿ ಅವರು ವಿಶ್ವವಿದ್ಯಾಲಯಗಳ ಸಮ್ಮೇಳನಕ್ಕಾಗಿ ಹಡಗಿನಲ್ಲಿ ಇಂಗ್ಲೆಂಡಿಗೆ ಹೋಗಿಬಂದರು. ಹಡಗಿನ ಪ್ರಯಾಣವೆಂದರೆ ಬೇಸರದ ದಿನಗಳು. ಆ ಬಿಡುವಿನಲ್ಲಿ ಮೆಡಿಟರೇನಿಯನ್ ಸಮುದ್ರದ ಗಾಢವಾದ ನೀಲವರ್ಣ ಅವರ ಮನಸ್ಸನ್ನು ಸೆಳೆಯಿತು. ಕಡಲಿನ ನೀಲಿ ಆಕಾಶದ ಪ್ರತಿಬಿಂಬವಷ್ಟೇ ಎಂಬ ಅಂದಿನ ಅಭಿಪ್ರಾಯವನ್ನು ಅವರು ಒಪ್ಪದೆ, ಕೈಯಲ್ಲಿದ್ದ ಸಣ್ಣ ಉಪಕರಣದಿಂದ ಹಡಗಿನ ಮೇಲೆಯೇ ಪರೀಕ್ಷಿಸಿದರು. ಅಲ್ಲಿ ಮೊಳೆತ ಪ್ರಶ್ನೆಯನ್ನು ಹಿಂಬಾಲಿಸಿ ನಡೆಸಿದ ಸಂಶೋಧನೆ ಏಳು ವರ್ಷಗಳ ಬಳಿಕ, 1928ರ ಫೆಬ್ರವರಿ 28ರಂದು, ‘ರಾಮನ್ ಪರಿಣಾಮ’ವಾಗಿ ಫಲಿಸಿತು. 1930ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಅದೇ ಕಡಲನ್ನು ಅಷ್ಟೇ ಬಿಡುವಾಗಿ ನೋಡಿದ ಪ್ರಯಾಣಿಕರು ಅಸಂಖ್ಯಾತರು. ರಾಮನ್ನರು ನೋಡಿದುದನ್ನು ಪ್ರಶ್ನಿಸಿದರು.

ಇಷ್ಟೆಲ್ಲ ಹೇಳಿದರೂ, ಪ್ರವಾಸಕ್ಕೆ ಹಣವಿಲ್ಲದ, ಹಡಗು ಕಾಣದ ಸಾಮಾನ್ಯರಿಗೆ ದಾರಿ ಯಾವುದು ಎಂದು ಕೇಳಬಹುದು. ಎರಡು ಕಾಲುಗಳಿದ್ದರೆ ಸಾಕು. ವಿಕಾಸವಾದದ ಪ್ರವರ್ತಕ ಚಾರ್ಲ್ಸ್ ಡಾರ್ವಿನ್ ತನ್ನ ಮನೆಯ ಹಿಂದೆ ಮರಳಿನ ಕಾಲುದಾರಿಯೊಂದನ್ನು ಮಾಡಿಸಿಕೊಂಡು, ದಿನವೂ ಅಲ್ಲಿ ಸುತ್ತುಹಾಕುತ್ತ ಆಲೋಚಿಸುತ್ತಿದ್ದನು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು 2014ರಲ್ಲಿ ಪ್ರಕಟಿಸಿದ ಪ್ರಯೋಗಗಳೂ ಇದನ್ನು ಸಮರ್ಥಿಸಿವೆ. ಕುಳಿತಿರುವಾಗ ಹೊಳೆಯುವುದಕ್ಕಿಂತ ಹೆಚ್ಚಿನ ಹೊಸ ಕಲ್ಪನೆಗಳು ನಡೆಯುವಾಗ ಹೊಳೆದುದನ್ನು ಅವರು ಕಂಡರು. ಆದರೆ ಒಂದೇ ಸರಿಯುತ್ತರವುಳ್ಳ ಪ್ರಶ್ನೆಗಳಲ್ಲಿ ನಡಿಗೆಯಿಂದ ಅಂತಹ ಲಾಭ ಕಾಣಲಿಲ್ಲ. ಹೊಸದನ್ನು ಕಲ್ಪಿಸಲು ನಡಿಗೆ ಒಳ್ಳೆಯದು. ಕಲ್ಪಿಸಿದುದನ್ನು ತಿದ್ದಿ ಮುಗಿಸಲು ಕುಳಿತೇ ದುಡಿಯಬೇಕು. ನಿದ್ರೆಯೂ ವ್ಯರ್ಥವಾದ ಕಾಲವಲ್ಲ. ನಮ್ಮ ಮಿದುಳಿನ ತೂಕ ದೇಹದ ತೂಕದ ನೂರಕ್ಕೆ ಸುಮಾರು 2 ಪಾಲು ಮಾತ್ರ. ಆದರೆ ನಾವು ಸುಮ್ಮನಿರುವಾಗಲೂ ಅದು ದೇಹದ ಶಕ್ತಿಯಲ್ಲಿ ನೂರಕ್ಕೆ ಸುಮಾರು 20 ಪಾಲನ್ನು ಬಳಸುತ್ತದೆ. ಹಗಲು ಕಲಿತುದನ್ನು ನೆನಪಿನಲ್ಲಿ ಅಳವಡಿಸುವ ಕಾರ್ಯ ನಿದ್ರೆಯಲ್ಲಿ ನಡೆಯುತ್ತದೆಯೆಂದು ವಿಜ್ಞಾನಿಗಳು ತಿಳಿಸುತ್ತಾರೆ. ಎರೆಯ ಹೊಲದಂತೆ ಮಿದುಳೂ ಮೇಲ್ನೋಟಕ್ಕೆ ಬಿಡುವಾಗಿರುವಾಗ ಒಳಗೆ ದುಡಿಯುತ್ತಿರುತ್ತದೆ.

ಈ ಕಾಲದಲ್ಲಿ ಇನ್ನೊಂದು ಎಚ್ಚರಿಕೆಯೂ ಅಗತ್ಯ. ಬಿಡುವೆಂಬ ವೇಷ ಧರಿಸಿ ಬಂದು, ಬಿಡುವನ್ನೇ ಕದಿಯುವ ಸಾಧನಗಳು ಇಂದು ಅಂಗೈಯಲ್ಲಿ ಕುಳಿತಿವೆ. ದಣಿದವರು ಮೊಬೈಲನ್ನು ಕೈಗೆತ್ತಿಕೊಂಡು ಗಳಿಗೆಗೊಂದು ಚಿತ್ರ, ಗಳಿಗೆಗೊಂದು ಸುದ್ದಿಯೆಂದು ಗಂಟೆಗಳನ್ನು ಕಳೆದು, ಮೊದಲಿಗಿಂತ ಹೆಚ್ಚು ದಣಿದು ಏಳುತ್ತಾರೆ. ಬಿರುಸಾಗಿ ಸುರಿದ ಮಳೆ ನೆಲಕ್ಕೆ ಇಳಿಯದೆ ಮೇಲ್ಮಣ್ಣನ್ನೂ ಕೊಚ್ಚಿಕೊಂಡು ಹೋಗುವಂತೆ, ಇದರಿಂದ ಮನಸ್ಸು ತುಂಬುವುದಿಲ್ಲ. ಸಿರುಗುಪ್ಪದ ಕಡೆಯ ಗದ್ದೆಗಳಿಗೆ ನೀರುಣಿಸುವ ತುಂಗಭದ್ರೆಯ ಕಾಲುವೆಯನ್ನೇ ನೋಡಿರಿ. ವರ್ಷದಲ್ಲಿ ಕೆಲವು ಕಾಲ ಅದರ ನೀರನ್ನು ನಿಲ್ಲಿಸುತ್ತಾರೆ. ಆಗಲೇ ಹೂಳು ತೆಗೆಯುವುದು, ಒಡೆದ ದಂಡೆಯನ್ನು ಕಟ್ಟುವುದು ಸಾಧ್ಯ. ಸದಾ ನೀರು ಹರಿಯುತ್ತಲೇ ಇದ್ದರೆ ಹೂಳು ತುಂಬಿ, ಕೊನೆಯ ಗದ್ದೆಗೆ ಹನಿಯೂ ತಲುಪದು. ಮನಸ್ಸಿಗೂ ದಿನದಲ್ಲಿ ಸ್ವಲ್ಪ ಹೊತ್ತು ಸುದ್ದಿಯೂ ಸದ್ದೂ ಇಲ್ಲದ ಬಿಡುವು ಬೇಕು.

ಇನ್ನು, ಬಿಡುವು ಎಷ್ಟು ಮುಖ್ಯವೋ ನಿಯಮವೂ ಅಷ್ಟೇ ಮುಖ್ಯ. ಸ್ಫೂರ್ತಿ ಬಂದಾಗ ಮಾಡಿದರಾಯಿತು ಎಂದು ಕಾಯುತ್ತ ಕುಳಿತವರ ಬಾಗಿಲಿಗೆ ಸ್ಫೂರ್ತಿ ಬರುವುದು ಅಪರೂಪ. ದಿನಕ್ಕೆ ಅರ್ಧ ಗಂಟೆಯಾದರೂ ಸರಿ, ಗೊತ್ತಾದ ಹೊತ್ತಿನಲ್ಲಿ ಗೊತ್ತಾದ ಸ್ಥಳದಲ್ಲಿ ಕುಳಿತು, ಒಲಿದ ಕೆಲಸವನ್ನು ಮಾಡುವ ರೂಢಿ ಬೇಕು. ನಟನಿಗೆ ತಾಲೀಮು, ಗಾಯಕನಿಗೆ ಸಾಧನೆ ಎಂದು ನಮ್ಮ ಹಿರಿಯರು ಕರೆದುದು ಇದನ್ನೇ. ಕಂಡ, ಕೇಳಿದ ವಿಶೇಷಗಳನ್ನು ಸಣ್ಣ ಪುಸ್ತಕವೊಂದರಲ್ಲಿ ಗುರುತು ಹಾಕಿಕೊಳ್ಳುವುದೂ ಒಳ್ಳೆಯ ಅಭ್ಯಾಸ. ಸಂತೆಯಲ್ಲಿ ಕೇಳಿದ ಒಂದು ನುಡಿ, ಅಜ್ಜಿ ಹೇಳಿದ ಒಂದು ಒಗಟು, ಕುರುಗೋಡಿನ ಗುಡ್ಡದ ಮೇಲೆ ಸಂಜೆಯ ಬೆಳಕು ಬಿದ್ದ ಬಗೆ, ಇವು ಇಂದು ಉಪಯೋಗಕ್ಕೆ ಬಾರದಿರಬಹುದು. ಆದರೆ ಅವೆಲ್ಲ ಮುಂಗಾರಿನ ಹನಿಗಳು. ಯಾವ ಹನಿ ಯಾವ ತೆನೆಗೆ ಹಾಲಾಗುವುದೋ ಬಲ್ಲವರಾರು?

ಎಳೆಯರಾದ ನಿಮ್ಮಲ್ಲಿ ಒಬ್ಬೊಬ್ಬರಿಗೂ ಒಂದೊಂದು ಒಲವು ಇದ್ದೇ ಇದೆ. ಓದಿನ ಭಾರದಲ್ಲಿ, ಪರೀಕ್ಷೆಯ ಆತಂಕದಲ್ಲಿ ಅದು ಮರೆಯಾದಂತೆ ತೋರುವ ದಿನಗಳು ಬರುತ್ತವೆ. ಬರೆದ ಸಾಲು ಸಪ್ಪೆಯೆನಿಸುತ್ತದೆ. ಬಿಡಿಸಿದ ಚಿತ್ರ ಹರಿದುಹಾಕುವಂತಿರುತ್ತದೆ. ಆಗ ಅದನ್ನು ಸ್ವಲ್ಪ ಕಾಲ ಪಕ್ಕಕ್ಕಿಡಿರಿ. ಬೇರೊಂದು ಕೆಲಸಕ್ಕೆ ಕೈಹಾಕಿರಿ, ನಡೆಯಿರಿ, ಒಳ್ಳೆಯ ಪುಸ್ತಕ ಓದಿರಿ, ಬಲ್ಲವರೊಡನೆ ಮಾತನಾಡಿರಿ, ನೆಮ್ಮದಿಯಾಗಿ ನಿದ್ರಿಸಿರಿ. ಅನಂತರ ಮರಳಿ ಬಂದು ಕೆಲಸಕ್ಕೆ ಕುಳಿತುಕೊಳ್ಳಿರಿ. ಮರಳಿ ಬರುವುದನ್ನು ಮಾತ್ರ ಮರೆಯಬೇಡಿರಿ. ಎರೆಯ ಹೊಲವನ್ನು ಬಿಡುವಾಗಿ ಬಿಡುವುದನ್ನು ಬಲ್ಲ ರೈತ, ಹಿಂಗಾರು ಬಂದೊಡನೆ ಕೂರಿಗೆ ಹೂಡುವುದನ್ನೂ ಬಲ್ಲ.